ಭಯಕ್ಕೂ ಮದ್ದುಂಟು

ಹಲ್ಲುನೋವನ್ನು ಲವಂಗದೆಣ್ಣೆಯಲ್ಲೇ ತಿಂಗಳುಗಟ್ಟಲೆ ತಳ್ಳುವವರು ನಾವು. ದುಡ್ಡಿನ ಚಿಂತೆಗಿಂತ ದೊಡ್ಡದು ಆ ಕುರ್ಚಿಯ ಭಯ. ನಮ್ಮ ಉಮ್ಮ ಹೊರಟದ್ದು ಕೆನ್ನೆ ಬಾತು ಕೀವು ತುಂಬಿದ ಮೇಲೆ. ಪ್ರಜ್ಞೆ ತಪ್ಪಿಸಿದರೆ ಅಸರ್ ನಮಾಝ್ ತಪ್ಪೀತೆಂಬ ಅಳುಕು ಬೇರೆ.

ಭಯಕ್ಕೂ ಮದ್ದುಂಟೆಂದು ನಮಗೆ ಯಾರೂ ಹೇಳಿರಲಿಲ್ಲ. 1844ರಲ್ಲೇ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲ ಸೇವಿಸಿ ತಮ್ಮದೇ ಹಲ್ಲು ಕೀಳಿಸಿಕೊಂಡಿದ್ದರು. ಇಂದು ಅದನ್ನು ಆಮ್ಲಜನಕದೊಂದಿಗೆ ಬೆರೆಸಿ ಮೂಗಿನ ಮೂಲಕ ಕೊಡುತ್ತಾರೆ. ಪ್ರಜ್ಞೆ ತಪ್ಪುವುದಿಲ್ಲ, ವೈದ್ಯರ ಮಾತಿಗೆ ಓಗೊಡಬಹುದು. ಅನಿಲ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಮಂಪರು ಇಳಿಯುತ್ತದೆ. ಜೋಮು ಹಿಡಿಸುವ ಚುಚ್ಚುಮದ್ದು ಮಾತ್ರ ಆಗಲೂ ಬೇಕು. ಮಾತ್ರೆಯ ಮಂಪರು ಗಂಟೆಗಟ್ಟಲೆ ಉಳಿಯುವುದರಿಂದ ಮನೆಗೆ ಕರೆತರಲು ಜೊತೆಗೊಬ್ಬರಿರಬೇಕು.

ಅನಿಲದ ಸೌಲಭ್ಯ ಎಲ್ಲ ಕ್ಲಿನಿಕ್‌ಗಳಲ್ಲಿಲ್ಲ. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಗರ್ಭಿಣಿಯರು, ಶ್ವಾಸಕೋಶದ ಕಾಯಿಲೆಯವರು ಮೊದಲೇ ವೈದ್ಯರಿಗೆ ತಿಳಿಸಬೇಕು.