ಸಾವಧಾನ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮದುವೆಗೆ ಕರೆಯುವವರು ‘ಅಕ್ಕಿಕಾಳಿಗೆ ಬರ್ರಿ’ ಅನ್ನುತ್ತಾರೆ. ಮಂಗಳಾಷ್ಟಕದ ಒಂದೊಂದು ನುಡಿ ಮುಗಿದು ‘ಸಾವಧಾನ’ ಎಂದಾಗಲೊಮ್ಮೆ ಇಡೀ ಸಭೆಯ ಕೈಗಳು ಮೇಲೇಳುತ್ತವೆ, ಅರಿಷಿಣದ ಅಕ್ಕಿ ಗಾಳಿಗೇರುತ್ತದೆ. ಎಲ್ಲರ ಕಣ್ಣೂ ಮದುಮಕ್ಕಳ ಮೇಲೆ. ಆ ಹೊತ್ತಿನಲ್ಲಿ ನಾನೊಬ್ಬ ಮದುಮಕ್ಕಳಿಗೆ ಬೆನ್ನು ಮಾಡಿ ನಿಂತಿರುತ್ತೇನೆ.

ಇದಕ್ಕೆ ಬೈಸಿಕೊಂಡದ್ದೂ ಇದೆ. ‘ತಮ್ಮಾ, ಮದುವಿ ಈ ಕಡೆ ನಡದೈತಿ’ ಎಂದು ಹಿರಿಯರೊಬ್ಬರು ನನ್ನ ಭುಜ ಹಿಡಿದು ತಿರುಗಿಸಿಯೇ ಬಿಟ್ಟಿದ್ದರು. ಆ ಕಡೆಗೆ ಸ್ಟುಡಿಯೋದವರಿದ್ದಾರೆ, ವಿಡಿಯೋದವರಿದ್ದಾರೆ, ಈಗ ತಲೆಯ ಮೇಲೆ ಗುಂಯ್‌ಗುಡುವ ಡ್ರೋನೂ ಇದೆ. ನಾನು ಬ್ಯಾಂಕಿನಲ್ಲಿ ಲೆಕ್ಕ ನೋಡುವವ. ಬಳಗದವರ, ಗೆಳೆಯರ ಮನೆಯ ಮದುವೆಯಲ್ಲಿ ಕ್ಯಾಮೆರಾ ಹಿಡಿಯುವುದು ನನ್ನ ಹುಚ್ಚು. ಹುಚ್ಚಿಗೆ ಪಗಾರ ಇಲ್ಲ. ಗೋದಿ ಹುಗ್ಗಿಯ ಊಟ ಉಂಟು.

ರೋಲಿನ ಕಾಲದಲ್ಲಿ ಈ ಹುಚ್ಚು ದುಬಾರಿಯಾಗಿತ್ತು. ಒಂದು ರೋಲಿಗೆ 36 ಚಿತ್ರ. ಆಯೇರಿ ಮಾಡುವವರ, ಅಂದರೆ ಉಡುಗೊರೆ ಕೊಡುವವರ ಸಾಲು ಮುಗಿಯುವಷ್ಟರಲ್ಲಿ ರೋಲೂ ಮುಗಿಯುತ್ತಿತ್ತು. ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತ ಅತ್ತಿಗೆಯ ಮೇಲೆ ಒಂದನ್ನು ಖರ್ಚು ಮಾಡುವ ಧೈರ್ಯ ಯಾರಿಗಿತ್ತು? ಈಗ ಬೆರಳುಗುರಿನಷ್ಟು ಕಾರ್ಡಿನಲ್ಲಿ ಸಾವಿರಾರು ಚಿತ್ರ ಹಿಡಿಯುತ್ತವೆ. ಹಾಗಂತ ಅತ್ತಿಗೆ ತಾನಾಗಿ ಬಂದು ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ. ಆಕೆಯನ್ನು ಮೊದಲು ಕಣ್ಣು ಕಾಣಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸುರಗಿಯ ಬೆಳಗು. ಹಳೇ ಹುಬ್ಬಳ್ಳಿಯ ಅಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆ, ಸುತ್ತ ನೂಲು, ನಡುವೆ ಅರಿಷಿಣ ಮೆತ್ತಿಸಿಕೊಂಡು ಕೂತ ಹುಡುಗಿ. ಸುಣ್ಣದ ಗೋಡೆಗೆ ಬಡಿದು ಬರುವ ಬೆಳಕು ಎಷ್ಟು ಮೆತ್ತಗಿರುತ್ತದೆಂದರೆ ಫ್ಲ್ಯಾಶ್ ಹಚ್ಚುವುದು ಅದಕ್ಕೆ ಮಾಡುವ ಅವಮಾನ. ಆದರೆ ಕ್ಯಾಮೆರಾಕ್ಕೆ ಅರಿಷಿಣದ ಅರ್ಥ ಗೊತ್ತಿಲ್ಲ. ಬಣ್ಣದ ಲೆಕ್ಕವನ್ನು ಅದಕ್ಕೇ ಬಿಟ್ಟರೆ, ‘ಇಷ್ಟು ಹಳದಿಯೆ? ಬೆಳಕಿನದೇ ತಪ್ಪು’ ಎಂದು ತಿಳಿದು ಚಿತ್ರಕ್ಕೆ ನೀಲಿ ಬೆರೆಸುತ್ತದೆ. ಮದುಮಗಳು ಜ್ವರದಿಂದ ಎದ್ದವಳ ಹಾಗೆ ಕಾಣುತ್ತಾಳೆ. ಅಲ್ಲಿ ಕೈಯಿಂದಲೇ ಹೊಂದಿಸಿಕೊಳ್ಳಬೇಕು. ಅಕ್ಕಿಕಾಳಿಗೂ ಹೀಗೆಯೇ ಒಂದು ಲೆಕ್ಕವಿದೆ: ಶಟರ್ 1/1000 ಸೆಕೆಂಡಿಗಿಟ್ಟರೆ ಕಾಳು ಕಾಳಾಗಿ ಗಾಳಿಯಲ್ಲಿ ನಿಲ್ಲುತ್ತದೆ, 1/125ಕ್ಕಿಟ್ಟರೆ ಮಳೆಯ ಗೆರೆಯಾಗುತ್ತದೆ. ನನಗೆ ಮಳೆಯೇ ಇಷ್ಟ.

ಕದ್ದು ನೋಡುವ ಈ ವಿದ್ಯೆಗೆ ದೊಡ್ಡ ಹಿರಿಯರಿದ್ದಾರೆ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋ ತನ್ನ ಲೈಕಾ ಕ್ಯಾಮೆರಾದ ಹೊಳೆಯುವ ಲೋಹಕ್ಕೆ ಕಪ್ಪು ಟೇಪು ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ಓಡಾಡುತ್ತಿದ್ದವನು. 1952ರ ಅವನ ಪುಸ್ತಕದ ಫ್ರೆಂಚ್ ಹೆಸರಿನಲ್ಲಿ ‘ಕದ್ದುಮುಚ್ಚಿ ತೆಗೆದ ಚಿತ್ರಗಳು’ ಎಂಬ ತುಂಟತನವಿದೆ. ಇಂಗ್ಲಿಷಿಗೆ ಬಂದಾಗ ಅದು ‘ನಿರ್ಣಾಯಕ ಕ್ಷಣ’ವಾಗಿ ಮೀಸೆ ತಿರುವಿತು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯರ ದಿನದ ಬದುಕನ್ನೇ ಹೀಗೆ ಸದ್ದಿಲ್ಲದೆ ಹಿಡಿದವರು. ನಾನೂ ಸದ್ದಿಲ್ಲದ ಶಟರ್ ಹಾಕಿ ನೋಡಿದೆ. ಕಲ್ಯಾಣಮಂಟಪದ ಎಲ್‌ಇಡಿ ದೀಪದಡಿ ಎಲ್ಲರ ಮುಖಕ್ಕೂ ಕಪ್ಪು ಪಟ್ಟೆ ಬಂದವು. ಕಳ್ಳತನಕ್ಕೂ ಬೆಳಕು ಒಪ್ಪಬೇಕು.

ಕಾಯುವುದನ್ನು ನನಗೆ ಕಲಿಸಿದ್ದು ಒಡಪು. ‘ಹೆಸರು ಹೇಳವಾ, ಹೇಳವಾ’ ಎಂದು ಹೆಂಗಸರು ಮದುಮಗಳ ದಾರಿ ಕಟ್ಟುತ್ತಾರೆ. ಆಕೆ ಪ್ರಾಸ ಜೋಡಿಸಿ ಗಂಡನ ಹೆಸರಿನವರೆಗೆ ಬಂದು ತಡೆಯುತ್ತಾಳೆ. ಸ್ಟುಡಿಯೋದವನ ದೀಪ ಆಕೆಯ ಮೇಲೆ. ನಾನು ಹುಡುಕುವುದು ಪಕ್ಕದ ವರನನ್ನು. ತನ್ನ ಹೆಸರು ಇನ್ನೇನು ಬಂತು ಎಂಬಾಗ ಅವನು ಕೈಗಡಿಯಾರವನ್ನು ಮೊದಲ ಸಲ ಕಂಡವನಂತೆ ಪರೀಕ್ಷಿಸುತ್ತಿರುತ್ತಾನೆ.

ಸಾವಧಾನ ಎಂದರೆ ಎಚ್ಚರ. ‘ಸಾವಧಾನವಾಗಿ ಮಾಡು’ ಎಂದರೆ ಅವಸರ ಬೇಡ. ಒಂದೇ ಮಾತಿನಲ್ಲಿ ಎರಡೂ ಇವೆ, ನನ್ನ ಹುಚ್ಚಿಗೆ ಎರಡೂ ಬೇಕು.

ಹೋದ ವರ್ಷ ಗೆಳೆಯನ ಮಗಳ ಮದುವೆ. ಎಂದಿನಂತೆ ಬೆನ್ನು ಮಾಡಿ ನಿಂತೆ. ಮೊದಲ ಸಾಲಿನಲ್ಲಿ ಗೆಳೆಯನ ತಾಯಿ, ಇಳಕಲ್ ಸೀರೆ, ತಲೆ ತುಂಬ ಸೆರಗು. ‘ಸಾವಧಾನ’ ಎಂದರು, ಸುತ್ತಲಿನ ಕೈಗಳೆಲ್ಲ ಎದ್ದವು; ಮುದುಕಿಯ ಕೈ ಮಡಿಲಿನಲ್ಲೇ ಇತ್ತು, ಮುಷ್ಟಿ ಬಿಗಿಯಾಗಿ. ಎರಡನೆಯ ನುಡಿ, ಮೂರನೆಯದು, ಕೊನೆಯದು. ವಾಲಗ ಜೋರಾಯಿತು. ಮುಷ್ಟಿ ಬಿಚ್ಚಲಿಲ್ಲ. ಆ ಮುಷ್ಟಿಯನ್ನಷ್ಟೇ ತೆಗೆದೆ: ಉಬ್ಬಿದ ನರ, ಹಸಿರು ಬಳೆ, ಬೆರಳ ಸಂದಿಯಲ್ಲಿ ಇಣುಕುವ ಎರಡು ಹಳದಿ ಕಾಳು.

ಊಟದ ಪಂಕ್ತಿಯಲ್ಲಿ ಕೇಳಿದೆ: ‘ಯವ್ವಾ, ಅಕ್ಕಿಕಾಳ ಯಾಕ ಒಗೀಲಿಲ್ಲ?’

‘ಒಗದ್ರ ಮುಗೀತಲ್ಲೋ ತಮ್ಮಾ’ ಎಂದಳು.

ಆಲ್ಬಮ್ಮಿಗೆ ಚಿತ್ರ ಆರಿಸುವ ದಿನ ಗೆಳೆಯ ಅದನ್ನು ಪಕ್ಕಕ್ಕೆ ಸರಿಸಿದ. ‘ಲೇ, ಇದರಾಗ ಯಾರ ಮಾರೀನೂ ಇಲ್ಲಲ್ಲೋ!’ ಅವನ ಮಾತೂ ಖರೆ. ಗಂಡನ ಮನೆಗೆ ಹೊರಡುವ ಮುನ್ನ ಮಗಳು ಮಾತ್ರ ನನ್ನ ಹತ್ತಿರ ಬಂದು, ‘ಕಾಕಾ, ಆಯಿ ಕೈದು ಒಂದು ಫೋಟೋ ಐತಂತಲ್ರಿ’ ಎಂದಳು. ದಪ್ಪ ಆಲ್ಬಂ ತವರಿನ ಕಪಾಟಿನಲ್ಲಿ ಉಳಿಯಿತು. ಮುಷ್ಟಿ ಅವಳ ಜೊತೆ ಪುಣೆಗೆ ಹೋಯಿತು.