ಕಡೆಯ ಮೆಟ್ಟಿಲು

ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ಕನ್ನಡ ಪಂಡಿತನೊಬ್ಬನು ಕಾಂಕ್ರೀಟಿನ ಮೆಟ್ಟಿಲುಗಳನ್ನು ಕುರಿತು, ಅದರಲ್ಲಿಯೂ ಗಣಕಯಂತ್ರದಲ್ಲಿ ಅವುಗಳನ್ನು ರೂಪಿಸುವ ಬಗೆಯನ್ನು ಕುರಿತು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಸಂಪಾದಕ ಮಹಾಶಯರು ನನ್ನಿಂದ ಅಪೇಕ್ಷಿಸಿದ್ದು ಶಾಲೆಯ ನೆನಪುಗಳನ್ನು. ಆದರೆ ನಮ್ಮ ಶಾಲೆಯ ಹೊಸ ಎರಡಂತಸ್ತಿನ ಕಟ್ಟಡದ ನಕ್ಷೆ ಸಿದ್ಧವಾಗುತ್ತಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವು, ಅನೇಕ ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಹುದುಗಿದ್ದ ಒಂದು ತಪ್ಪನ್ನು ಹೊರಗೆಳೆಯಿತು. ಅದನ್ನು ಅರಿಕೆ ಮಾಡಿಕೊಳ್ಳುವುದಕ್ಕೆ ಈ ಸಂಚಿಕೆಗಿಂತ ಯೋಗ್ಯವಾದ ಸ್ಥಳ ನನಗೆ ಬೇರೊಂದಿಲ್ಲ.

ನಾನು ಮೊದಲು ಸೇವೆಗೆ ಸೇರಿದ್ದು ಬೇರೊಂದು ಊರಿನ ಶಾಲೆಯಲ್ಲಿ. ಅಲ್ಲಿ ಮೇಲಂತಸ್ತಿಗೆ ಹೋಗುವ ಮೆಟ್ಟಿಲುಗಳೆಲ್ಲ ಆರಾರು ಅಂಗುಲ ಎತ್ತರ. ಕಡೆಯದೊಂದು ಮಾತ್ರ ಎಂಟು ಅಂಗುಲ. ಕಟ್ಟಿದಾಗ ಅದೂ ಸಮವಾಗಿಯೇ ಇತ್ತಂತೆ. ಅನಂತರ ಮೇಲಿನ ಹಳೆಯ ನೆಲದ ಮೇಲೆ ಶಹಾಬಾದ್ ಕಲ್ಲು ಹಾಸಿದಾಗ ನೆಲವು ಎರಡು ಅಂಗುಲ ಮೇಲೇರಿತು. ಮೆಟ್ಟಿಲುಗಳು ಇದ್ದಲ್ಲಿಯೇ ಉಳಿದವು. ಈ ವಿಷಯ ನಮಗೆಲ್ಲರಿಗೂ ಗೊತ್ತಿತ್ತು. ಪ್ರತಿವರ್ಷವೂ ಹೊಸ ಮಕ್ಕಳಿಗೆ "ಕಡೆಯ ಮೆಟ್ಟಿಲು ಜೋಕೆ" ಎಂದು ಹೇಳಿ ನಾನು ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಿದ್ದೆ. ಅದನ್ನು ಸರಿಪಡಿಸಬೇಕೆಂದು ಆಡಳಿತದವರಿಗೆ ಒಂದು ಸಾಲು ಬರೆದುಕೊಡಲಿಲ್ಲ.

ಅಲ್ಲಿಯ ಹಿರಿಯ ಪಂಡಿತರು ನನಗೆ ಸಹೋದ್ಯೋಗಿಗಳೆನ್ನುವುದಕ್ಕಿಂತ ಗುರುಗಳೆನ್ನುವುದೇ ಸರಿ. ಒಂದು ಸಂಜೆ ಉತ್ತರ ಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು ಅವರು ಮೇಲಿನಿಂದ ಇಳಿಯತೊಡಗಿದರು. ಕಟ್ಟಿನ ಮರೆಯಲ್ಲಿ ಪಾದ ಕಾಣಲಿಲ್ಲ. ಏರುವವರಿಗೆ ಕಡೆಯದಾದ ಮೆಟ್ಟಿಲು ಇಳಿಯುವವರಿಗೆ ಮೊದಲನೆಯದು. ಆರು ಅಂಗುಲದ ಆಳವನ್ನು ನಂಬಿ ಇಟ್ಟ ಕಾಲು ಎಂಟು ಅಂಗುಲ ಇಳಿಯಿತು. ಸೊಂಟದ ಮೂಳೆ ಮುರಿಯಿತು. ಅವರು ಮತ್ತೆ ತರಗತಿಗೆ ಬರಲಿಲ್ಲ. ಅವರ ಹತ್ತನೆಯ ತರಗತಿ ನನ್ನ ಪಾಲಿಗೆ ಬಂದಿತು. ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಆ ಪತ್ರಿಕೆ ಎಲ್ಲಾ ಸಿಕ್ಕುವೇನಪ್ಪಾ?" ಮೆಟ್ಟಿಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೊತ್ತಿದ್ದೂ ಎಡವುವುದೇಕೆ? ಎರಡು ಮೆಟ್ಟಿಲು ಏರುವಷ್ಟರಲ್ಲಿ ಕಾಲು ಅಳತೆಯನ್ನು ಕಲಿತುಬಿಡುತ್ತದೆ. ಆಮೇಲೆ ಕಣ್ಣನ್ನು ಕೇಳುವುದಿಲ್ಲ. ಭಾಮಿನಿ ಷಟ್ಪದಿಯನ್ನು ಓದುವವನ ನಾಲಗೆಯೂ ಹೀಗೆಯೇ. ಮೂರು, ನಾಲ್ಕು, ಮೂರು, ನಾಲ್ಕು ಎಂಬ ಮಾತ್ರೆಗಳ ನಡೆಯನ್ನು ಅದು ಒಮ್ಮೆ ಹಿಡಿದ ಬಳಿಕ, ನಡುವೆ ಒಂದು ಮಾತ್ರೆ ಹೆಚ್ಚಾದರೂ ತಡವರಿಸುತ್ತದೆ. ಪದ್ಯದಲ್ಲಿ ಛಂದೋಭಂಗವಾದರೆ ಕಿವಿಗೆ ನೋವು, ಮೆಟ್ಟಿಲಿನಲ್ಲಾದರೆ ಮೂಳೆಗೆ.

ಕಳೆದ ಬೇಸಿಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿ, ಈಗ ಹುಬ್ಬಳ್ಳಿಯಲ್ಲಿ ಎಂಜಿನಿಯರನಾಗಿರುವವನು, ಹೊಸ ಕಟ್ಟಡದ ವಿನ್ಯಾಸವನ್ನು ಸೇವಾರೂಪವಾಗಿ ಮಾಡಿಕೊಡಲು ಒಪ್ಪಿ, ಲ್ಯಾಪ್‌ಟಾಪನ್ನು ಹಿಡಿದು ಅಧ್ಯಾಪಕರ ಕೊಠಡಿಗೆ ಬಂದ. ಅವನು ಬಳಸುವ ತಂತ್ರಾಂಶದ ಹೆಸರು ರೆವಿಟ್; 2000ನೆಯ ಇಸವಿಯಲ್ಲಿ ಮೊದಲು ಬಳಕೆಗೆ ಬಂದದ್ದು. ಹಿಂದಿನ ಪದ್ಧತಿಯಲ್ಲಿ ಮೇಲುನೋಟದ ನಕ್ಷೆ ಬೇರೆ, ಸೀಳುನೋಟದ ನಕ್ಷೆ ಬೇರೆ. ಒಂದರಲ್ಲಿ ಹನ್ನೆರಡು ಮೆಟ್ಟಿಲು, ಇನ್ನೊಂದರಲ್ಲಿ ಹದಿಮೂರು ಬಂದರೆ ಗೌಂಡಿಯೇ ತೀರ್ಮಾನಿಸಬೇಕಾಗುತ್ತಿತ್ತು. ಇಲ್ಲಿ ಹಾಗಲ್ಲ. ಗಣಕಯಂತ್ರದೊಳಗೆ ಕಟ್ಟುವುದು ಮೆಟ್ಟಿಲನ್ನೇ. ನಕ್ಷೆಗಳೆಲ್ಲ ಅದೊಂದರಿಂದಲೇ ಹೊರಡುತ್ತವೆ.

ಕಾಲು ಏರುವ ಎತ್ತರಕ್ಕೆ ರೈಸರ್ ಎಂದೂ ಪಾದ ಊರುವ ಹಾಸಿಗೆ ಟ್ರೆಡ್ ಎಂದೂ ಅವರ ಪರಿಭಾಷೆ. ಶಾಲೆಗಳಲ್ಲಿ ರೈಸರ್ 150 ಮಿಲಿಮೀಟರಿಗೆ ಮೀರಬಾರದು, ಟ್ರೆಡ್ 300ಕ್ಕೆ ಕಡಿಮೆಯಿರಬಾರದು, ಮೆಟ್ಟಿಲಿನ ಅಗಲ ಒಂದೂವರೆ ಮೀಟರಾದರೂ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 3600 ಮಿಲಿಮೀಟರ್. ನಮ್ಮ ಹುಡುಗ 24 ರೈಸರ್ ಬೇಕೆಂದ. ಯಂತ್ರವು ಕ್ಷಣಾರ್ಧದಲ್ಲಿ ಸಮಭಾಗ ಮಾಡಿ ತಲಾ 150 ಎಂದಿತು. ಹನ್ನೆರಡಾದ ಮೇಲೆ ಒಂದು ಲ್ಯಾಂಡಿಂಗ್. ಷಟ್ಪದಿಯ ಮೂರನೆಯ ಪಾದದ ಕಡೆಯ ಗುರುವಿನ ಮೇಲೆ ಉಸಿರು ನಿಲ್ಲುವಂತೆ. ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕೆಂದು 17ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಡೆಲ್ ಎಂಬ ವಾಸ್ತುಶಿಲ್ಪಿ ಬರೆದಿಟ್ಟಿದ್ದಾನಂತೆ. ನಮ್ಮದು ಕೂಡಿ 600 ಆಯಿತು.

ಮೆಟ್ಟಿಲಿನ ಜಾತಿಯನ್ನು ಆರಿಸುವಾಗ ಅವನು 'ಮಾನೊಲಿಥಿಕ್' ಎಂಬುದನ್ನು ಒತ್ತಿದ. ಮೆಟ್ಟಿಲು, ಚಪ್ಪಡಿ, ಲ್ಯಾಂಡಿಂಗ್‌ಗಳನ್ನು ಸ್ಥಳದಲ್ಲಿಯೇ ಒಂದಾಗಿ ಎರಕ ಹೊಯ್ಯುವ ಬಗೆ ಅದು. ನಾನು 'ಏಕಶಿಲೆ' ಎಂದು ಅನುವಾದಿಸಿದೆ. ಬಳಿಕ ಅವನು "ಇದು ವೇಸ್ಟ್ ಸ್ಲ್ಯಾಬ್, ಗುರುಗಳೇ" ಎಂದ. ವ್ಯರ್ಥವಾದುದನ್ನು ಹಾಕುವುದೇಕೆಂದು ನಾನು ಕೇಳಲು, ಅವನು ನಕ್ಕು, "ಆ ವೇಸ್ಟ್ ಅಲ್ಲರೀ, ಸೊಂಟ! ಮೆಟ್ಟಿಲ ಕೆಳಗಿನ ಓರೆ ಚಪ್ಪಡಿ" ಎಂದ. ಇಡೀ ಭಾರವನ್ನು ಹೊರುವುದು ಆ ಸೊಂಟವೇ. ಅದರ ದಪ್ಪವನ್ನು ಓರೆಗೆ ಲಂಬವಾಗಿ ಅಳೆಯಬೇಕು. ನೆಟ್ಟಗೆ ಕೆಳಮುಖವಾಗಿ 150 ಅಳೆದು ಹೊಯ್ದರೆ, ನಮ್ಮ ಮೆಟ್ಟಿಲಿನ ಓರೆಗೆ ನಿಜವಾದ ದಪ್ಪ 134 ಮಾತ್ರ ಉಳಿಯುತ್ತದೆ. ಸೊಂಟವೆಂಬ ಮಾತು ಕೇಳಿದಾಗ ನನಗೆ ಹಿರಿಯ ಪಂಡಿತರ ನೆನಪಾಯಿತು.

"ತಮ್ಮಾ, ನೀನು ಅಳೆದ ನೆಲ ಯಾವುದು? ಕಲ್ಲು ಹಾಸುವ ಮೊದಲಿನದೋ, ಹಾಸಿದ ಮೇಲಿನದೋ?" ಎಂದು ಕೇಳಿದೆ.

ಅವನ ಕೈ ನಿಂತಿತು. ಅವನು ಕೊಟ್ಟಿದ್ದ ಮಟ್ಟಗಳು ಕಾಂಕ್ರೀಟಿನ ಮೇಲ್ಮೈಯವು. ಎರಡೂ ನೆಲಗಳಿಗೆ ಗಾರೆ ಸಹಿತ 75 ಮಿಲಿಮೀಟರಿನ ಕಲ್ಲುಹಾಸು. ಮೆಟ್ಟಿಲಿಗೂ ಲ್ಯಾಂಡಿಂಗ್‌ಗೂ 40. ಕಾಗದದ ಮೇಲೆ ಲೆಕ್ಕ ಹಾಕಿದೆವು. ಕೆಳಗಿನ ನೆಲ 75 ಏರುತ್ತದೆ, ಮೊದಲ ಮೆಟ್ಟಿಲು 40 ಮಾತ್ರ ಏರುತ್ತದೆ. ಆದುದರಿಂದ ಮೊದಲ ರೈಸರ್ 115ಕ್ಕೆ ಕುಗ್ಗುತ್ತದೆ. ಮೇಲೆ ಇದಕ್ಕೆ ವಿಪರೀತ. ಕಡೆಯದು 185ಕ್ಕೆ ಬೆಳೆಯುತ್ತದೆ. ಒಂದು ಮೆಟ್ಟಿಲು ಕಡಿಮೆ ಎಳೆದರೆ ಕೂಡಲೇ ಎಚ್ಚರಿಸುವ ಆ ತಂತ್ರಾಂಶ ಈ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ಅದರ ದೋಷವೇನೂ ಅಲ್ಲ. ಕೊಟ್ಟ ಎರಡು ಮಟ್ಟಗಳ ನಡುವೆ ಅದು ಪ್ರಾಮಾಣಿಕವಾಗಿ ಸಮಭಾಗ ಮಾಡಿತ್ತು. ಕಲ್ಲಿನ ಸುದ್ದಿಯನ್ನು ನಾವು ಅದಕ್ಕೆ ಹೇಳಿರಲಿಲ್ಲ. ಹಳೆಯ ಶಾಲೆಯ ಎಂಟು ಅಂಗುಲದ ಮೆಟ್ಟಿಲು ನನ್ನ ಕಣ್ಣೆದುರಿಗೆ ಮತ್ತೆ ಹುಟ್ಟುವುದರಲ್ಲಿತ್ತು.

ಹುಡುಗ ಜಾಣ. ನೆಲದ ಪದರನ್ನೂ ಮೆಟ್ಟಿಲಿನ ಹೊದಿಕೆಯನ್ನೂ ಮಾದರಿಯೊಳಗೆ ಸೇರಿಸಿ, ಲ್ಯಾಂಡಿಂಗ್ ಸಹಿತ ಕಾಂಕ್ರೀಟಿನ ಮೆಟ್ಟಿಲುಸಾಲನ್ನು 35 ಮಿಲಿಮೀಟರ್ ಮೇಲೆತ್ತಿದ. ಈಗ ಕಾಂಕ್ರೀಟಿನಲ್ಲಿ ಮೊದಲನೆಯದು 185, ಕಡೆಯದು 115, ನಡುವಿನವೆಲ್ಲ 150. ಕಲ್ಲು ಹಾಸಿದ ಮೇಲೆ ಎಲ್ಲವೂ 150. ಎರಕದಲ್ಲಿ ವಿಷಮವಾಗಿದ್ದರೆ ಮಾತ್ರ ನಡೆಯುವಾಗ ಸಮ!

"ಆದರೆ ಗುರುಗಳೇ, ಸೆಂಟ್ರಿಂಗ್ ಕಟ್ಟುವಾಗ ಗೌಂಡಿ ಇದನ್ನು ತಪ್ಪೆಂದು ತಿಳಿದು ತಿದ್ದಿಬಿಡುತ್ತಾನೆ. ನಕ್ಷೆಯ ಮೇಲೆ ಕನ್ನಡದಲ್ಲಿ ಒಂದು ಸೂಚನೆ ಬರೆದುಕೊಡಿ" ಎಂದ.

ನಾನು ಮೂರು ಸಲ ಬರೆದು ಹೊಡೆದುಹಾಕಿದೆ. ಸಂಸ್ಕೃತ ಪದಗಳೆಲ್ಲ ಒಂದೊಂದಾಗಿ ಉದುರಿದವು. ಕಡೆಗೆ ಉಳಿದದ್ದು ಇಷ್ಟು: "ಕಾಂಕ್ರೀಟಿನಲ್ಲಿ ಮೊದಲ ಮೆಟ್ಟಿಲು 185, ಕಡೆಯದು 115. ಇದು ತಪ್ಪಲ್ಲ. ಕಲ್ಲು ಹಾಕಿದ ಮೇಲೆ ಎಲ್ಲಾ ಒಂದೇ ಸಮ ಆಗುತ್ತದೆ. ತಿದ್ದಬೇಡಿ."

ಅಂದು ಆಡಳಿತದವರಿಗೆ ಬರೆಯದೆ ಬಿಟ್ಟ ಒಂದು ಸಾಲನ್ನು ಇಂದು ಗೌಂಡಿಗೆ ಬರೆದಿದ್ದೇನೆ. ಇದರಿಂದ ಹಿರಿಯ ಪಂಡಿತರ ಋಣ ತೀರಿತೆಂದು ನಾನು ಹೇಳಲಾರೆ, ಅವರು ಈಗಿಲ್ಲ. ಕಟ್ಟಡಕ್ಕೆ ಉದಾರವಾಗಿ ನೆರವು ನೀಡಿದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಉದ್ಘಾಟನೆಯ ದಿನ ಮೇಲಂತಸ್ತಿಗೆ ದಯಮಾಡಿಸುವಾಗ ಮೆಟ್ಟಿಲುಗಳನ್ನು ನೋಡದೆ, ಮಾತನಾಡುತ್ತಲೇ ಏರಿರಿ. ಕಡೆಯ ಮೆಟ್ಟಿಲು ಯಾವುದೆಂದು ತಮಗೆ ತಿಳಿಯದೆ ಹೋದರೆ ನಮ್ಮ ಲೆಕ್ಕ ಸರಿಯಾಯಿತೆಂದು ಅರ್ಥ. ಕೈಯಲ್ಲಿ ಅಳತೆಪಟ್ಟಿ ಹಿಡಿದು ಮೇಲೆ ನಿಂತಿರುವ ಮುದುಕನನ್ನು ಕಂಡು ದಯವಿಟ್ಟು ನಗಬಾರದು.