ಗೆರೆಯಿಲ್ಲದ ತಟ್ಟೆ

ಡೀಜೆ ಎಂಬ ಎರಡಕ್ಷರವನ್ನು ನಾನು ಬಹುಕಾಲ ನಿಂದೆಯ ಅರ್ಥದಲ್ಲಿ ಮಾತ್ರವೇ ಪ್ರಯೋಗಿಸುತ್ತಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಶಿವಮೊಗ್ಗೆಯಲ್ಲಿ ನಮ್ಮ ಮನೆಯಿರುವ ಬೀದಿಯಲ್ಲಿ ವರ್ಷಕ್ಕೆ ಹಲವು ಬಾರಿ ಮೆರವಣಿಗೆಗಳು ಹಾದುಹೋಗುತ್ತವೆ. ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳು ಸಮೀಪಿಸಿದಾಗ ಕಿಟಕಿಯ ಗಾಜು ನಡುಗುತ್ತದೆ. ಅಡಿಗೆಮನೆಯ ಲೋಟಗಳು ತಮ್ಮಷ್ಟಕ್ಕೆ ತಾವೇ ಸದ್ದುಮಾಡುತ್ತವೆ. ಎದುರುಮನೆಯಲ್ಲಿ ಹೃದ್ರೋಗದಿಂದ ಮಲಗಿದ್ದ ವೃದ್ಧರೊಬ್ಬರ ಮಂಚವನ್ನು ಹಿಂದಿನ ಕೋಣೆಗೆ ಸಾಗಿಸಲು ಒಮ್ಮೆ ನಾನೂ ಕೈಜೋಡಿಸಿದ್ದೇನೆ. ಆದುದರಿಂದ ಆ ವಿದ್ಯೆಯಲ್ಲಿ (ಅದು ವಿದ್ಯೆಯೆಂದು ಆಗ ನಾನು ಒಪ್ಪುತ್ತಿರಲಿಲ್ಲ) ನನಗೆ ಆದರವಿರಲಿಲ್ಲವೆಂದರೆ ವಾಚಕರು ಮನ್ನಿಸಿಯಾರು.

ಹೀಗಿರುವಲ್ಲಿ, ಭದ್ರಾವತಿಯಲ್ಲಿರುವ ನನ್ನ ತಂಗಿ ಒಂದು ದಿನ ದೂರವಾಣಿಯಲ್ಲಿ ಅಳುದನಿಯಿಂದ ಮಾತನಾಡಿದಳು. “ಅಣ್ಣಾ, ನೀನೊಮ್ಮೆ ಬಂದು ನಿನ್ನ ಅಳಿಯನಿಗೆ ಬುದ್ಧಿ ಹೇಳು. ಇದ್ದ ಕೆಲಸ ಬಿಟ್ಟು ಡೀಜೆ ಆಗ್ತೀನಿ ಅಂತ ಕೂತಿದಾನೆ. ನನ್ನ ಬಳೆ ಎರಡೂ ಅಡವಿಗೆ ಹೋದವು.” ಬಳೆಯ ಮಾತು ನನ್ನ ಎದೆಗೆ ನಾಟಿತು. 1988ರಲ್ಲಿ ಅವಳ ವಿವಾಹಕಾಲಕ್ಕೆ, ಆಗತಾನೆ ಉಪಾಧ್ಯಾಯವೃತ್ತಿಗೆ ಸೇರಿದ್ದ ನಾನು ಎರಡು ವರ್ಷದ ಸಂಬಳದಲ್ಲಿ ಉಳಿಸಿ ಮಾಡಿಸಿಕೊಟ್ಟ ಬಳೆಗಳು ಅವು. ಅವಳ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಆ ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಭದ್ರಾವತಿಗೆ ಎರಡು ಕಣ್ಣುಗಳಂತಿದ್ದ ಕಾಲದಲ್ಲಿ, ತಂದೆಯ ಹಿಂದೆ ಮಗನೂ ಅದೇ ಬಾಗಿಲು ಹೊಗುವುದು ವಾಡಿಕೆಯಾಗಿತ್ತು. ಕಾಗದದ ಕಾರ್ಖಾನೆ ನಿಂತುಹೋಯಿತು. ಕಬ್ಬಿಣದ್ದರಲ್ಲಿ ಹಿಂದಿನಷ್ಟು ಜನಕ್ಕೆ ಕೆಲಸವಿಲ್ಲ. ಹುಡುಗನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ಈಗ ಅದನ್ನೂ ಬಿಟ್ಟಿದ್ದನು.

ಬಸ್ಸಿನಲ್ಲಿ ಕುಳಿತು, ಉಪದೇಶಕ್ಕೆ ತಕ್ಕ ಸುಭಾಷಿತಗಳನ್ನು ದಾರಿಯುದ್ದಕ್ಕೂ ನೆನಪಿಗೆ ತಂದುಕೊಳ್ಳುತ್ತ ನಾನು ಭದ್ರಾವತಿಗೆ ಹೋದೆನು. ಹುಡುಗನು ನಮಸ್ಕಾರಮಾಡಿ, “ಬೈಯೋದು ಆಮೇಲೆ ಬೈಯುವಿರಂತೆ ಮಾವ, ಮೊದಲು ಒಂದು ಸಲ ನೋಡಿ” ಎಂದು ತನ್ನ ಕೋಣೆಗೆ ಕರೆದೊಯ್ದನು. ಮೇಜಿನ ಮೇಲೆ ಹಾರ್ಮೋನಿಯಮ್ಮಿಗಿಂತ ಉದ್ದವಾದ, ಕಪ್ಪು ಬಣ್ಣದ, ಭಾರವಾದ ಒಂದು ಯಂತ್ರ. ಬೆಂಗಳೂರಿನಲ್ಲಿ ಬೇರೊಬ್ಬರು ಬಳಸಿ ಮಾರಿದ್ದು. ಅದರ ಎರಡು ಪಕ್ಕಗಳಲ್ಲಿ ಎರಡು ತಟ್ಟೆಗಳು ನಿಮಿಷಕ್ಕೆ ಮೂವತ್ತಮೂರು ಮತ್ತೊಂದು ಮೂರನೆಯ ಪಾಲು ಸುತ್ತಿನಂತೆ ತಿರುಗುತ್ತಿದ್ದವು. ನಡುವೆ ಸಾಲುಸಾಲಾಗಿ ತಿರುಗಣೆಗಳು, ಗುಂಡಿಗಳು. ಪಕ್ಕದಲ್ಲಿ ಲ್ಯಾಪ್‌ಟಾಪು.

ನಾನು ಕನ್ನಡಕ ಸರಿಮಾಡಿಕೊಂಡು ತಟ್ಟೆಯಲ್ಲಿ ಗೆರೆಗಳನ್ನು ಹುಡುಕಿದೆನು. ಒಂದೂ ಇರಲಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನೊಂದಿತ್ತು. ಅದರ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುವವು. ಮುಳ್ಳು ಇಟ್ಟ ಮೇಲೆ ಪ್ಲೇಟನ್ನು ಮುಟ್ಟಿದ ಮಕ್ಕಳಿಗೆ ಏಟು ನಿಶ್ಚಯ. ಇಲ್ಲಿಯಾದರೋ ಮುಟ್ಟುವುದೇ ವಿದ್ಯೆ! ಹುಡುಗನು ವಿವರಿಸಿದನು: ಹಾಡು ಇರುವುದು ಲ್ಯಾಪ್‌ಟಾಪಿನೊಳಗೆ, ತಟ್ಟೆಯು ಕೈಯ ಮಾತನ್ನು ಅದಕ್ಕೆ ಮುಟ್ಟಿಸುವ ದೂತ ಮಾತ್ರ. ತಟ್ಟೆ ಎಷ್ಟು ತಿರುಗಿತು, ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಎಂಬುದನ್ನು ಅಡಿಯಲ್ಲಿರುವ ಸೂಕ್ಷ್ಮ ಸಾಧನವು ಎಡೆಬಿಡದೆ ತಿಳಿಸುತ್ತಿರುತ್ತದೆ. ಅದರಂತೆ ಹಾಡು ಮುಂದೆ ಸರಿಯುತ್ತದೆ, ಹಿಂದೆ ಸರಿಯುತ್ತದೆ, ನಿಲ್ಲುತ್ತದೆ.

“ಕೈ ಆಡಿಸಿದ ಕ್ಷಣಕ್ಕೂ ಸದ್ದು ಬರುವ ಕ್ಷಣಕ್ಕೂ ಅಂತರವಿರುವುದಿಲ್ಲವೆ?” ಎಂದು ಕೇಳಿದೆನು. ಹುಡುಗನ ಮುಖ ಅರಳಿತು. ಇಂಥ ಪ್ರಶ್ನೆಯನ್ನು ಮನೆಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಒಂದು ಸೆಕೆಂಡಿನ ಧ್ವನಿಯನ್ನು ಗಣಕವು 44,100 ತುಣುಕುಗಳಾಗಿ ಎಣಿಸುತ್ತದೆ. ಅವುಗಳಲ್ಲಿ 256ನ್ನು ಒಂದು ಹಿಡಿಯಾಗಿ ಕಳುಹಿಸಿದರೆ ಆ ಹಿಡಿಯಿಂದಾಗುವ ತಡ ಸೆಕೆಂಡಿನ ಸಾವಿರದ ಆರು ಪಾಲು. ಹಿಡಿಯನ್ನು ದೊಡ್ಡದು ಮಾಡಿದರೆ ಸದ್ದು ಕೈಯ ಹಿಂದೆ ಬೀಳುತ್ತದೆ. ತೀರ ಚಿಕ್ಕದು ಮಾಡಿದರೆ ಗಣಕಕ್ಕೆ ಉಸಿರು ಹತ್ತದೆ ಸದ್ದು ಚಟಪಟನೆ ಹರಿಯುತ್ತದೆ. ಕೊಂಡ ಮೊದಲ ತಿಂಗಳೆಲ್ಲ ಇದು ತಿಳಿಯದೆ, ತನ್ನ ಕೈಯಲ್ಲೇ ದೋಷವಿದೆಯೆಂದು ಅವನು ಕೊರಗಿದನಂತೆ.

ತರುವಾಯ ಅವನು ಈ ಕಲೆಯ ಪೂರ್ವಕಥೆಯನ್ನೂ ಹೇಳಿದನು. 1972ರಲ್ಲಿ ಜಪಾನಿನಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಗಟ್ಟಿಮುಟ್ಟಾದ ತಿರುಗುಮಣೆ ಹೊರಬಂದಿತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಕೇರಿಯಲ್ಲಿ, ಕೂಲ್ ಹರ್ಕ್ ಎಂದು ಹೆಸರಾದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗನು ತಂಗಿ ಏರ್ಪಡಿಸಿದ ಕೂಟದಲ್ಲಿ ಪ್ಲೇಟು ನುಡಿಸಿದನು. ಒಂದೇ ಹಾಡಿನ ಎರಡು ಪ್ಲೇಟುಗಳನ್ನಿಟ್ಟು, ತಾಳವಾದ್ಯ ಮಾತ್ರ ನುಡಿಯುವ ತುಣುಕನ್ನು ಒಂದರಿಂದೊಂದಕ್ಕೆ ದಾಟಿಸುತ್ತ ಬೆಳೆಸುವುದು ಅವನ ಉಪಾಯ. ಕೆಲವು ವರ್ಷಗಳಲ್ಲಿ ಅದೇ ಕೇರಿಯ ಥಿಯೊಡೋರ್ ಲಿವಿಂಗ್‌ಸ್ಟನ್ ಎಂಬ ಬಾಲಕನು, ಸದ್ದು ಹೆಚ್ಚಾಯಿತೆಂದು ತಾಯಿ ಬಾಗಿಲಲ್ಲಿ ನಿಂತು ಗದರುತ್ತಿರಲು ತಿರುಗುವ ಪ್ಲೇಟನ್ನು ಕೈಯಿಂದ ಹಿಡಿದು ಹಿಂದುಮುಂದಾಡಿಸಿದನಂತೆ. ಆಗ ಹುಟ್ಟಿದ ಸದ್ದೇ ‘ಸ್ಕ್ರಾಚ್’ ಎಂಬ ವಿದ್ಯೆಗೆ ಮೂಲವೆನ್ನುತ್ತಾರೆ. ಈ ಮಾತು ಬಂದಾಗ ನಮ್ಮ ಬಾಗಿಲಲ್ಲಿಯೂ ತಾಯಿಯೊಬ್ಬಳು ಕಾಫಿ ಹಿಡಿದು ನಿಂತಿದ್ದಳು. ಅವಳಿಗೆ ನಗು ಬರಲಿಲ್ಲ.

ಹುಡುಗನು ನುಡಿಸಿ ತೋರಿಸಿದನು. ಒಂದು ಪದದ ತುಣುಕು ಮುಂದೆ ಹೋಯಿತು, ಹಿಂದೆ ಬಂದಿತು, ಮತ್ತೆ ಮುಂದೆ ಹೋಯಿತು. ನನಗೆ ಥಟ್ಟನೆ ಪಾಠಶಾಲೆಯ ಜಗಲಿ ನೆನಪಾಯಿತು. ನಮ್ಮ ಗುರುಗಳು ಜಟಾಪಾಠವನ್ನು ಹೇಳಿಸುತ್ತಿದ್ದುದು ಹೀಗೆಯೇ ಅಲ್ಲವೆ: ಒಂದು-ಎರಡು, ಎರಡು-ಒಂದು, ಒಂದು-ಎರಡು? ಎರಡಕ್ಕೂ ಉದ್ದೇಶ ಬೇರೆ, ಪವಿತ್ರತೆ ಬೇರೆ. ಹೋಲಿಸಿದೆನೆಂದು ವೈದಿಕ ಮಿತ್ರರು ಕೋಪಿಸಬಾರದು. ಆದರೆ ಹಿಂದುಮುಂದಾಗಿ ಬರುವಾಗಲೂ ಕಾಲ ಕೆಡಬಾರದೆಂಬ ನಿಷ್ಠೆ ಎರಡರಲ್ಲಿಯೂ ಒಂದೇ ಎಂದು ನನ್ನ ಕಿವಿ ಹೇಳಿತು.

ಯಂತ್ರದಲ್ಲಿ ‘ಸಿಂಕ್’ ಎಂಬುದೊಂದು ಗುಂಡಿಯುಂಟು. ಅದನ್ನೊತ್ತಿದರೆ ಎರಡು ಹಾಡುಗಳ ಲಯವನ್ನು ಗಣಕವೇ ಸರಿಗೂಡಿಸುತ್ತದೆ. “ಹಾಗಾದರೆ ನಿನ್ನ ಕೆಲಸವೇನು?” ಎಂದೆನು. ಅವನು ಈಗಿನ ಒಂದು ಹಾಡನ್ನೂ ಎಪ್ಪತ್ತರ ದಶಕದ ಒಂದು ಚಿತ್ರಗೀತೆಯನ್ನೂ ತೆಗೆದು ಆ ಗುಂಡಿಯನ್ನೊತ್ತಿದನು. ಮೊದಲು ಸರಿಯಾಗಿಯೇ ಕೂಡಿದವು. ಸ್ವಲ್ಪ ಹೊತ್ತಿನಲ್ಲಿ ಕಾಲು ಉಳುಕಿದವನ ನಡಿಗೆಯಂತಾಯಿತು. ಈಗಿನ ಹಾಡುಗಳ ತಾಳವನ್ನು ಬಹುಮಟ್ಟಿಗೆ ಯಂತ್ರವೇ ಹಾಕುವುದರಿಂದ ಅದು ಗೆರೆ ಎಳೆದಂತಿರುತ್ತದೆ. ಹಿಂದಿನವನ್ನು ಹತ್ತಾರು ಮಂದಿ ವಾದ್ಯಗಾರರು ಒಟ್ಟಿಗೆ ಕುಳಿತು ನುಡಿಸಿದರು. ಚರಣದಲ್ಲಿ ತುಸು ಓಡುತ್ತಾರೆ, ಪಲ್ಲವಿಗೆ ತುಸು ನಿಧಾನಿಸುತ್ತಾರೆ. ಗಣಕವು ಸಮನಾಗಿ ಎಳೆದ ಅಳತೆಗೆ ಅದು ಸಿಕ್ಕುವುದಿಲ್ಲ. ಹುಡುಗನು ಸಿಂಕನ್ನು ತೆಗೆದು, ಒಂದು ಕಿವಿಗೆ ಹೆಡ್‌ಫೋನು ಒತ್ತಿಕೊಂಡು, ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ, ತುಸು ತಡೆಯುತ್ತ, ಎರಡನ್ನೂ ಕೂಡಿಸಿದನು. ಕೂಡಲಿಯಲ್ಲಿ ತುಂಗೆ ಎಲ್ಲಿ ಮುಗಿದು ಭದ್ರೆ ಎಲ್ಲಿ ಬೆರೆಯಿತೆಂದು ಬೆರಳಿಟ್ಟು ತೋರಿಸಲಾಗದಷ್ಟೆ, ಹಾಗಿತ್ತು. “ತೆರೆಯ ಮೇಲೆ ಅಲೆಅಲೆಯಾಗಿ ಚಿತ್ರ ಬರುತ್ತೆ ಮಾವ. ಅದನ್ನೇ ನೋಡಿಕೊಂಡು ಕೂಡಿಸೋರು ಬಹಳ ಜನ. ನಾನು ನೋಡದೆ ಕಲೀತಿದ್ದೀನಿ” ಎಂದನು. ಪಾಣಿನೀಯ ಶಿಕ್ಷೆಯು ಅಧಮರೆಂದು ಎಣಿಸಿರುವ ಆರು ಬಗೆಯ ಪಾಠಕರಲ್ಲಿ, ಬರೆದುದನ್ನು ನೋಡಿ ಓದುವವನೂ ಒಬ್ಬನು. ಆ ಗ್ರಂಥದ ಹೆಸರನ್ನೇ ಕೇಳದ ಹುಡುಗನು ಅದರ ಒಂದು ವಿಧಿಯನ್ನು ತಾನಾಗಿ ಪಾಲಿಸುತ್ತಿದ್ದನು.

ನಾನು ತಂದಿದ್ದ ಸುಭಾಷಿತಗಳು ಗಂಟಿನಲ್ಲಿಯೇ ಉಳಿದವು. ಅದಕ್ಕೆ ಬೇರೊಂದು ಕಾರಣವೂ ಇತ್ತು. ಪಾಠಶಾಲೆಯಲ್ಲಿದ್ದಾಗ ನನಗೆ ಮೃದಂಗದ ಹುಚ್ಚು. ಊಟದ ಮಣೆ, ಪುಸ್ತಕದ ರಟ್ಟು, ಏನು ಸಿಕ್ಕಿದರೂ ಬೆರಳು ಬಡಿಯುತ್ತಿತ್ತು. ಕಲಿಯುತ್ತೇನೆಂದು ಕೇಳಿದಾಗ ತಂದೆಯವರು, “ಚರ್ಮವಾದ್ಯ ನಮ್ಮ ಮನೆಗೆ ಬೇಡ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಅದೇ ಮಾತನ್ನು ಬೇರೆ ಶಬ್ದಗಳಲ್ಲಿ ಹೇಳಲು ನಾನು ಬಸ್ಸು ಹತ್ತಿ ಬಂದಿದ್ದೆನಷ್ಟೆ! ಅಂದು ಏನನ್ನೂ ಹೇಳದೆ ಹಿಂದಿರುಗಿದೆನು. ತಂಗಿಗೆ ಸಮಾಧಾನವಾಗಲಿಲ್ಲ.

ಎರಡು ತಿಂಗಳ ಮೇಲೆ ಶಿವಮೊಗ್ಗೆಯ ಒಂದು ಕಲ್ಯಾಣಮಂಟಪದಲ್ಲಿ ಪರಿಚಿತರ ಮನೆಯ ಆರತಕ್ಷತೆ. ನುಡಿಸುವವನು ಇವನೇ. ತಂಗಿಯೂ ಬಂದಿದ್ದಳು. ನಡುವೆ ಲ್ಯಾಪ್‌ಟಾಪಿನ ತೆರೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಗಣಕ ಒಳಗೆ ನಡೆಯುತ್ತಿತ್ತು, ಹಾಡೂ ನಡೆಯುತ್ತಿತ್ತು. ಆದರೆ ಮುಂದಿನ ಹಾಡು ಯಾವುದು, ಈಗಿನದು ಎಷ್ಟು ಉಳಿದಿದೆ, ಒಂದೂ ಕಾಣದು. ನಿಲ್ಲಿಸಿ ಮತ್ತೆ ಹೊತ್ತಿಸಿದರೆ ಮಂಟಪವೆಲ್ಲ ಸ್ತಬ್ಧವಾಗುವುದು. ಹುಡುಗನ ಹಣೆಯಲ್ಲಿ ಬೆವರು ಮೂಡಿದುದು ನಾನು ಕುಳಿತಲ್ಲಿಗೆ ಕಾಣಿಸಿತು. ಅವನು ಹಾಡುಗಳನ್ನು ಆರಿಸುವ ತಿರುಗಣೆಯನ್ನು ಒಂದೊಂದು ಮೆಟ್ಟಿಲಾಗಿ ಎಣಿಸುತ್ತ ತಿರುಗಿಸಿ, ಸಿಕ್ಕಿದ ಹಾಡನ್ನು ಕಿವಿಗೆ ಮಾತ್ರ ಕೇಳಿಸಿಕೊಂಡನು. ಒಮ್ಮೆ ಯಾವುದೋ ಶೋಕಗೀತೆ ಬಂದಿತಂತೆ; ಮಂಟಪಕ್ಕೆ ತಿಳಿಯುವ ಮೊದಲೇ ಅದನ್ನು ತೆಗೆದಿಟ್ಟು ಇನ್ನೊಂದಕ್ಕೆ ಹೋದನು. ಹೀಗೆ ಅರ್ಧ ಗಂಟೆಯಷ್ಟು ಕಾಲ ತೆರೆಯಿಲ್ಲದೆ, ಕಿವಿಯೊಂದನ್ನೇ ನಂಬಿ ಹಾಡಿಗೆ ಹಾಡನ್ನು ಹೊಂದಿಸಿದನು. ಒಂದೆಡೆ ಮಾತ್ರ ಎರಡು ಪೆಟ್ಟು ತಪ್ಪಿತು. ಕುಣಿಯುತ್ತಿದ್ದವರಾರೂ ಅರಿಯಲಿಲ್ಲ; ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ ನನ್ನ ಬೆರಳು ಅರಿಯಿತು. ನಾನು ತಾಳ ಹಾಕುತ್ತಿದ್ದುದನ್ನು ತಂಗಿ ನೋಡುತ್ತಿದ್ದಳು.

“ಏನಾಯ್ತು ಅಣ್ಣ, ಯಾಕೆ ಅವನು ಹಾಗೆ ಬೆವರ್ತಿದಾನೆ?” ಎಂದಳು. ನಡೆದುದನ್ನು ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ಕೆಲಸ ಬಲ್ಲ ಅಂತಾಯ್ತು. ಅನ್ನ ಹುಟ್ಟುತ್ತೋ?” ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಷಾಢದಲ್ಲಿ ಮುಹೂರ್ತವಿಲ್ಲ, ಮುಹೂರ್ತವಿಲ್ಲದ ತಿಂಗಳು ಅವನಿಗೆ ಸಂಪಾದನೆಯಿಲ್ಲ. ಬಳೆಗಳಲ್ಲಿ ಒಂದು ಬಿಡಿಸಿಕೊಂಡು ಬಂದಿದೆ. ಇನ್ನೊಂದು ಇನ್ನೂ ಅಡವಿನಲ್ಲಿಯೇ ಇದೆ.

ನಾನು ಅವನಿಗೆ ಒಂದೇ ಒಂದು ನಿಬಂಧನೆ ಹಾಕಿದೆನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವಸತಿಯ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. “ಲಯ ಬಲ್ಲವನು ನಿಲ್ಲಿಸುವ ಕಾಲವನ್ನೂ ಬಲ್ಲವನಾಗಿರಬೇಕಪ್ಪಾ. ಎದುರುಮನೆಯ ಮಂಚ ಹೊರುವ ಕೆಲಸವನ್ನು ನನಗೆ ತರಬೇಡ” ಎಂದೆನು. ಒಪ್ಪಿದನು. ಕಳೆದ ಮಾಘದಲ್ಲಿ ಒಂದು ಮನೆಯಂಗಳದ ಸಮಾರಂಭದಲ್ಲಿ ಹತ್ತು ಹೊಡೆದೊಡನೆ ತಟ್ಟೆಯ ಮೇಲೆ ಕೈಯಿಟ್ಟು ನಿಲ್ಲಿಸಿಬಿಟ್ಟನಂತೆ. “ಇನ್ನೊಂದು ಹಾಡು” ಎಂದು ಕೂಗಿದವರಿಗೆ ಕೈಮುಗಿದನಂತೆ. ಕರೆಸಿದವರು ಮುನಿದು, ಮಾತಾಡಿದ ಹಣದಲ್ಲಿ 2,000 ರೂಪಾಯಿ ಹಿಡಿದುಕೊಂಡರು.

ಆ ಹಣವನ್ನು ನಾನು ಕೊಡಹೋದೆನು, ತೆಗೆದುಕೊಳ್ಳಲಿಲ್ಲ. ಲೆಕ್ಕ ಬರೆದು ಪಳಗಿದ ಕೈಯಲ್ಲವೆ, ತನ್ನ ವಹಿಯಲ್ಲಿ ‘ಮಾವನ ಮಾತಿನ ಬಾಬ್ತು’ ಎಂದು ಖರ್ಚು ಬರೆದಿಟ್ಟಿದ್ದಾನೆ.